ಉಡುಪಿನ ಕೋಣೆಯಿಂದ ಕೇಳಿಬಂದ ‘ಅಪರಿಚಿತ ಧ್ವನಿ’ಯ ಕುರಿತು ನಮ್ಮ ಸಭಾಪಾಲಕರಿಗೆ

ಮಾನ್ಯ ಸಭಾಪಾಲಕರೇ,

ನಿಮ್ಮ ಬಾಯಿಂದ ಬಂದ ಮಾತು ನಿಮ್ಮದಲ್ಲವೆಂದು ನಾನು ಬರೆದುಕೊಡಬೇಕಂತೆ. ಬರೆದುಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ, ಇಪ್ಪತ್ತನಾಲ್ಕು ವರ್ಷ ನಾನು ನೋಡಿಕೊಂಡ ದೇವಾಲಯದ ಧ್ವನಿವರ್ಧಕದ ಮುಂದಿನಿಂದ ನನ್ನನ್ನು ಎಬ್ಬಿಸಿ ಕಳಿಸಿದ್ದೀರಿ. ನಲವತ್ತೊಂದು ವರ್ಷ ಅದೇ ದೇವಾಲಯದಲ್ಲಿ ಹಾಡಿದ ನನ್ನ ಅಕ್ಕನ ಬಾಯಿಗೆ ಬೀಗ ಬಿದ್ದಿದೆ. ಮೊದಲನೆಯದನ್ನು ನಾನು ಹೇಗೋ ಹೊಟ್ಟೆಗೆ ಹಾಕಿಕೊಂಡೇನು. ಎರಡನೆಯದನ್ನು ಹಾಕಿಕೊಳ್ಳುವುದಿಲ್ಲ.

ಈ ಪತ್ರವನ್ನು ನಮ್ಮ ಸಭೆಯ ಮಾಸಪತ್ರಿಕೆಗೇ ಕಳಿಸೋಣವೆಂದಿದ್ದೆ. ಅದರ ಸಂಪಾದಕರು ನೀವೇ. ಬಹುಮಟ್ಟಿಗೆ ಓದುಗರೂ ನೀವೇ. ಆದ್ದರಿಂದ ಊರಿನ ಪತ್ರಿಕೆಗೆ ಕೊಟ್ಟಿದ್ದೇನೆ. ಸೂರ್ಯ ಮುಳುಗುವುದರೊಳಗೆ ಸಿಟ್ಟು ಬಿಡಬೇಕೆಂದು ನೀವು ಬೋಧಿಸಿದ್ದು ನೆನಪಿದೆ. ಕಳೆದ ಆರು ವಾರಗಳಲ್ಲಿ ಸೂರ್ಯ ನಲವತ್ತೆರಡು ಸಲ ಮುಳುಗಿದ್ದಾನೆ, ನನ್ನ ಸಿಟ್ಟು ಒಂದು ಸಲವೂ ಮುಳುಗಿಲ್ಲ. ಸೇಡು ತೀರಿಸುವುದು ದೇವರ ಕೆಲಸವೆಂದೂ ಬೋಧಿಸಿದ್ದೀರಿ. ಒಪ್ಪಿದೆ. ಆದರೆ ಅಷ್ಟು ದೊಡ್ಡ ಲೋಕವನ್ನು ನೋಡಿಕೊಳ್ಳುವವನಿಗೆ ಕೈತುಂಬ ಕೆಲಸವಿರುತ್ತದೆ, ನಮ್ಮ ಬೀದಿಯ ಸರದಿ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಸಹಾಯಕನಾಗಿ ನಾನೊಂದಿಷ್ಟು ಮುಂಚಿತ ಕೆಲಸ ಮಾಡಿಟ್ಟರೆ ಆತನು ಬೇಸರಪಡಲಾರನೆಂದು ನಂಬಿದ್ದೇನೆ.

ನಮ್ಮ ಸಭೆಯವರಿಗೆ ನಡೆದದ್ದು ಬಾಯಿಪಾಠವಾಗಿದೆ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ದೇವಾಲಯವೆಂದರೆ ನಮ್ಮ ಚರ್ಚು, ಸಭಾಪಾಲಕರೆಂದರೆ ಅದರ ಪಾದ್ರಿ, ಜನರ ಬಾಯಲ್ಲಿ ಅಯ್ಯನವರು. ನಾನು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ವಾರದ ಆರು ದಿನ ಅಂಗಡಿಯಲ್ಲಿ ಬೆಸುಗೆಯ ಹೊಗೆ ಕುಡಿಯುತ್ತೇನೆ. ಭಾನುವಾರ ಬೆಳಗ್ಗೆ ದೇವಾಲಯದ ಕೊನೆಯ ಬೆಂಚಿನ ಹಿಂದೆ, ಉಪ್ಪರಿಗೆ ಮೆಟ್ಟಿಲಿನ ಕೆಳಗೆ, ಮೈಕುಗಳ ವಾಲ್ಯೂಮ್ ಗುಂಡಿಗಳ ಮುಂದೆ ಕೂರುತ್ತಿದ್ದೆ. ಸಭಾಪಾಲಕರ ಕಾಲರಿಗೆ ಒಂದು ಪುಟ್ಟ ಮೈಕು, ಸೊಂಟದಲ್ಲಿ ಅದರ ಡಬ್ಬಿ. ಡಬ್ಬಿಯ ಸ್ವಿಚ್ಚು ಅವರ ಕೈಯಲ್ಲಿ, ಹಿಂದಿನ ಗುಂಡಿ ನನ್ನ ಕೈಯಲ್ಲಿ. ಎರಡರಲ್ಲಿ ಒಂದು ಆರಿದ್ದರೂ ಸಾಕು, ಮನುಷ್ಯನ ಮಾನ ಉಳಿಯುತ್ತದೆ.

ಈ ಎರಡನೆಯ ಕಾವಲನ್ನು ತೆಗೆಸಿದವರು ನೀವೇ, ಮಾನ್ಯರೇ. ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ನಾನು ಗುಂಡಿ ಏರಿಸುವುದು ಒಂದು ಗಳಿಗೆ ತಡವಾಗಿ, ನಿಮ್ಮ ಆರಂಭದ ಆಶೀರ್ವಾದದಲ್ಲಿ ಕೊನೆಯ ‘ಇರಲಿ’ ಮಾತ್ರ ಜನರಿಗೆ ಕೇಳಿತು. ಏನು ಇರಲಿ, ಯಾರಿಗೆ ಇರಲಿ ಎಂದು ತಿಳಿಯದಿದ್ದರೂ ಸಭೆ ಭಕ್ತಿಯಿಂದ ‘ಆಮೆನ್’ ಎಂದಿತು. ನೀವು ಮಾತ್ರ ಕೆಂಡವಾದಿರಿ. ಮರುವಾರ ನನ್ನ ಗುಂಡಿಯ ಪಕ್ಕದಲ್ಲೊಂದು ಚೀಟಿ ಅಂಟಿಕೊಂಡಿತ್ತು, ನಿಮ್ಮದೇ ಕೈಬರಹ, ನಿಮ್ಮದೇ ಸಹಿ: ‘ನಾನು ಉಡುಪಿನ ಕೋಣೆಗೆ ಹೋದಾಗಿನಿಂದ ಆರಾಧನೆ ಶುರುವಾಗುವ ತನಕ ನನ್ನ ಮೈಕಿನ ಗುಂಡಿ ಮೇಲೆಯೇ ಇರತಕ್ಕದ್ದು. ಯಾರೂ ಮುಟ್ಟತಕ್ಕದ್ದಲ್ಲ.’ ಹತ್ತು ಆಜ್ಞೆಗಳು ಕಲ್ಲಿನ ಮೇಲಿದ್ದವು, ಹನ್ನೊಂದನೆಯದು ಅಂಟುಪಟ್ಟಿಯ ಮೇಲೆ ಬಂತು.

ಆರು ವಾರದ ಹಿಂದಿನ ಭಾನುವಾರ. ಜನ ತಲೆಬಾಗಿ ಮೌನ ಪ್ರಾರ್ಥನೆಯಲ್ಲಿದ್ದರು. ಉಡುಪಿನ ಕೋಣೆಯಲ್ಲಿ ನೀವು ನಿಲುವಂಗಿ ತೊಡುತ್ತಿದ್ದಿರಿ, ಸೊಂಟದ ಸ್ವಿಚ್ಚು ಹಾಕಿಯೇ ಇತ್ತು. ನಾಲ್ಕೂ ಸ್ಪೀಕರುಗಳಿಂದ ಮೇಘದೊಳಗಿನ ವಾಣಿಯಂತೆ ನಿಮ್ಮ ಧ್ವನಿ ಇಳಿದು ಬಂತು: “ಲೋ ಗಡಿಯಾರ, ನನ್ನ ಇನ್ನೊಂದು ಕಾಲುಚೀಲ ಎಲ್ಲೋ?”

ಗಡಿಯಾರ ಎಂದರೆ ನಮ್ಮ ದೇವಾಲಯದ ಕಾವಲುಗಾರ. ಯಾವತ್ತೂ ಹೊತ್ತಿಗೆ ಸರಿಯಾಗಿ ಬರದವನಾದ್ದರಿಂದ ಆ ಹೆಸರು. ಕಣ್ಣು ಮುಚ್ಚಿದ್ದ ಕೆಲವರು ಇದನ್ನೂ ಆರಾಧನೆಯ ಭಾಗವೆಂದುಕೊಂಡರು. ಮುಂದೆ ಹೀಗೆ ಬಂತು: “ಇವತ್ತು ಪ್ರಾರ್ಥನೆ ನಮ್ಮ ಮೇಷ್ಟ್ರದ್ದಂತೆ. ದೇವರಿಗೂ ಒಂದು ತಿದ್ದುಪಡಿ ಸೂಚಿಸ್ತಾರೆ, ನೋಡ್ತಿರು.” ಮೇಷ್ಟ್ರು ಸಭೆಯ ಕಾರ್ಯದರ್ಶಿಗಳು. ಪ್ರತಿಯೊಂದು ನಿರ್ಣಯಕ್ಕೂ ಎದ್ದು ನಿಂತು ತಿದ್ದುಪಡಿ ತರುವ ಅಭ್ಯಾಸವಿರುವುದರಿಂದ ಅವರನ್ನು ತಿದ್ದುಪಡಿ ಮೇಷ್ಟ್ರು ಎಂದೇ ಕರೆಯುತ್ತೇವೆ. ಬೆಂಚುಗಳು ಕುಲುಕಿದವು. ಆಮೇಲೆ ಮೂರನೆಯದು.

“ಇವತ್ತೂ ರೊಟ್ಟಿ ಹಂಚಿದ ಮೇಲೆ ಆ ಯಮ್ಮನ ಹಾಡಾ? ಅದು ಗಂಟಲೇನೋ, ಒಡೆದ ಬಿಂದಿಗೆ. ಕರ್ತನ ಎರಡನೆಯ ಬರೋಣ ಯಾಕೆ ತಡ ಆಗ್ತಿದೆ ಗೊತ್ತಾ? ಆ ಯಮ್ಮನ ಹಾಡು ಮುಗೀಲಿ ಅಂತ ಕಾಯ್ತಿದಾನೆ.”

ಯೇಸು ಮತ್ತೆ ಬರುವುದನ್ನೇ ಕಾಯುತ್ತಿರುವ ಜನರಿಗೆ ಹಾಸ್ಯ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಹನ್ನೊಂದು ವರ್ಷದ ನಿಮ್ಮ ಪ್ರಸಂಗಗಳಲ್ಲಿ ಇಷ್ಟು ಚೊಕ್ಕವಾದ ಮಾತು ಒಂದೂ ಬಂದಿರಲಿಲ್ಲ, ಇಷ್ಟು ಜನ ಒಮ್ಮೆಗೇ ಎಚ್ಚರವಾಗಿದ್ದದ್ದೂ ಇಲ್ಲ. ಸುಮಾರು ಇನ್ನೂರು ಜನ ಒಟ್ಟಿಗೆ ನಕ್ಕರು. ‘ಆ ಯಮ್ಮ’ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಸಂಗೀತ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಅವಳು ನನ್ನ ಅಕ್ಕ.

ಅಕ್ಕನ ಹಾಡಿನ ಬಗ್ಗೆ ಎರಡು ಮಾತು. ಪ್ರಭು ಭೋಜನದ ದಿನ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಬಂದು ಕೂತ ಮೇಲೆ ವಾದ್ಯಗಳನ್ನು ನಿಲ್ಲಿಸಿ, ಹಾಡಿನ ಮೊದಲ ಚರಣವನ್ನು ಒಬ್ಬರೇ ಹಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎರಡನೆಯ ಚರಣಕ್ಕೆ ಗಾಯನ ತಂಡ, ಮೂರನೆಯದಕ್ಕೆ ಇಡೀ ಸಭೆ. ಆ ಮೊದಲ ಚರಣ ನಲವತ್ತೊಂದು ವರ್ಷದಿಂದ ಅಕ್ಕನದು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ನಿಮ್ಮ ಸಭೆಯಲ್ಲಿ ಇವತ್ತು ನಲವತ್ತರ ಒಳಗಿರುವ ಅರ್ಧ ಜನರ ಕಿವಿಗೆ ಬಿದ್ದ ಮೊಟ್ಟಮೊದಲ ಹಾಡು ಅವಳದು. ತೊಟ್ಟಿಲುಗಳ ನಡುವೆ ಓಡಾಡುತ್ತ ಗುನುಗುತ್ತಿದ್ದಳು. ನಮ್ಮಮ್ಮ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನೈದು. ನನಗೆ ಅನ್ನ ಕಲಸಿ ತಿನ್ನಿಸಿದ್ದು, ಬೆಲ್ಟು ಬಿಗಿದು ಶಾಲೆಗೆ ತಳ್ಳಿದ್ದು, ಮೊದಲ ರೇಡಿಯೋ ಬಿಚ್ಚಿ ಹಾಳು ಮಾಡಿದಾಗ ಬೆನ್ನಿಗೆ ಎರಡು ಬಿಟ್ಟದ್ದು ಎಲ್ಲವೂ ಅವಳೇ. ನಾನಿದ್ದೇನೆಂದು ಅವಳು ಮದುವೆಯಾಗಲಿಲ್ಲ, ಆಮೇಲೆ ಅವಳಿದ್ದಾಳೆಂದು ನಾನು ಆಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ದಿನಕ್ಕೆ ನಾಲ್ಕು ಸಲ ಜಗಳವಾಡುತ್ತೇವೆ.

ಆ ಭಾನುವಾರ ರೊಟ್ಟಿ ಹಂಚಿ ಮುಗಿಯಿತು. ವಾದ್ಯ ನಿಂತಿತು. ಎಲ್ಲರೂ ಕಾದರು. ಅಕ್ಕ ಏಳಲಿಲ್ಲ. ಸಂಗೀತ ಪುಸ್ತಕವನ್ನು ಮುಚ್ಚಿ ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಆ ಮೌನದಲ್ಲಿ ಜಿಪ್ಪಿನ ಸದ್ದು ಮೆಟ್ಟಿಲ ಕೆಳಗಿದ್ದ ನನಗೂ ಕೇಳಿತು. ನೀವು ವಾದ್ಯದವನಿಗೆ ಸನ್ನೆ ಮಾಡಿ ನೇರ ಮೂರನೆಯ ಚರಣಕ್ಕೆ ಹೋದಿರಿ.

ಅವತ್ತಿನಿಂದ ಮನೆಯಲ್ಲೂ ಹಾಡಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ನನ್ನ ಮೇಲೆ ರೇಗಿದ ಐದು ನಿಮಿಷಕ್ಕೆ, ಹೀಗೆ ಇಡೀ ದಿನ ಏನಾದರೊಂದು ಗುನುಗುತ್ತಿದ್ದವಳು. ಈಗ ನಮ್ಮ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಮಾತ್ರ. ಒಂದು ಸಂಜೆ ಊಟಕ್ಕೆ ಬಡಿಸುತ್ತ ಕೇಳಿದಳು: “ನೀನು ಶಬ್ದದ ಕೆಲಸದವನು. ನಿಜ ಹೇಳು. ನನ್ನ ಗಂಟಲು ಅಷ್ಟು ಕೆಟ್ಟಿದೆಯಾ?”

“ಸಾರಿಗೆ ಉಪ್ಪು ಕಮ್ಮಿ,” ಅಂದೆ.

ಆ ವಾರದಲ್ಲೇ ತಿದ್ದುಪಡಿ ಮೇಷ್ಟ್ರು ಇನ್ನೊಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಟೈಪು ಮಾಡಿದ ಹಾಳೆ. ಹೊರಗಿನ ಯಾವುದೋ ರೇಡಿಯೋ ತರಂಗ ನಮ್ಮ ಮೈಕಿನೊಳಗೆ ನುಗ್ಗಿ, ಅಪರಿಚಿತ ವ್ಯಕ್ತಿಯೊಬ್ಬನ ಧ್ವನಿ ದೇವಾಲಯದಲ್ಲಿ ಕೇಳಿಬಂತೆಂದು ತಾಂತ್ರಿಕ ಪರಿಣತನಾದ ನಾನು ದೃಢೀಕರಿಸುವುದು. ಕೆಳಗೆ ನನ್ನ ಸಹಿಗೆ ಗೆರೆ ಕೂಡ ಎಳೆದಿತ್ತು.

“ಸೈನ್ ಮಾಡಿಬಿಡಪ್ಪ,” ಎಂದರು ಮೇಷ್ಟ್ರು. “ಸಭೆ ಸಮಾಧಾನದಿಂದ ಇರಲಿ.”

“ಆ ಅಪರಿಚಿತನಿಗೆ ನಮ್ಮ ಕಾವಲುಗಾರನ ಅಡ್ಡಹೆಸರು ಹೇಗೆ ಗೊತ್ತಾಯ್ತು ಮೇಷ್ಟ್ರೇ?”

“ಅದೆಲ್ಲ ವಿಜ್ಞಾನ. ನಮಗೇನು ತಿಳಿಯುತ್ತೆ?”

“ನಿಮ್ಮ ತಿದ್ದುಪಡಿ ವಿಷಯ?”

ಅವರ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು. “ನನಗೂ ಬೇಜಾರಾಗಿದೆ ಕಣಯ್ಯ. ಆದ್ರೆ ಅಯ್ಯನವರ ಮರ್ಯಾದೆ ಅಂದ್ರೆ ಸಭೆಯ ಮರ್ಯಾದೆ. ಬೇಕಿದ್ರೆ ‘ಅಪರಿಚಿತ’ ಅನ್ನೋದನ್ನ ತೆಗೆದು ‘ಸ್ಪಷ್ಟವಾಗಿ ಗುರುತಿಸಲಾಗದ’ ಅಂತ ಹಾಕೋಣ.”

ತಮ್ಮನ್ನೇ ಗೇಲಿ ಮಾಡಿದ ಮಾತನ್ನು ಮುಚ್ಚಿಹಾಕುವ ಕಾಗದಕ್ಕೂ ತಿದ್ದುಪಡಿ ಸೂಚಿಸಿದರಲ್ಲ, ಆ ನಿಷ್ಠೆಗೆ ನಾನು ಕೈಮುಗಿದೆ. ಆದರೆ ಸಹಿ ಮಾಡಲಿಲ್ಲ. ನಲವತ್ತು ವರ್ಷ ಈ ಕಸುಬು ಮಾಡಿದವನು ನಾನು. ಒಂದು ರೇಡಿಯೋ ಯಾಕೆ ಕೆಟ್ಟಿತೆಂದು ಗಿರಾಕಿಗೆ ಇಂದಿನವರೆಗೆ ಸುಳ್ಳು ಹೇಳಿಲ್ಲ. ಗಾಳಿಯಲ್ಲಿ ಎಷ್ಟೋ ತರಂಗಗಳು ಓಡಾಡುತ್ತವೆ, ನಿಜ. ಆದರೆ ಕಾಲುಚೀಲ ಹುಡುಕುವ ತರಂಗವನ್ನು ನಾನು ಕಂಡಿಲ್ಲ.

ಮುಂದಿನ ಭಾನುವಾರದ ಪ್ರಕಟಣೆಗಳಲ್ಲಿ ನಮ್ಮಿಬ್ಬರಿಗೂ ಜಾಗ ಸಿಕ್ಕಿತು. ‘ಧ್ವನಿವರ್ಧಕದ ಸೇವೆಯಲ್ಲಿದ್ದ ಸಹೋದರರು ವಯಸ್ಸಿನ ಕಾರಣ ವಿಶ್ರಾಂತಿ ಪಡೆಯುತ್ತಿದ್ದಾರೆ. ನಮ್ಮ ಹಿರಿಯ ಗಾಯಕಿ ಸಹೋದರಿಯವರು ಸ್ವಇಚ್ಛೆಯಿಂದ ನಿವೃತ್ತರಾಗಿದ್ದಾರೆ.’ ನನಗೆ ಅರವತ್ತೆರಡು; ನಿಮಗೆ ಅರವತ್ನಾಲ್ಕು, ನಿಮ್ಮ ವಿಶ್ರಾಂತಿಯ ಪ್ರಕಟಣೆ ಯಾವ ಭಾನುವಾರಕ್ಕೆ? ಅಕ್ಕನಿಗೆ ಗಾಜಿನ ಚೌಕಟ್ಟು ಹಾಕಿದ ಒಂದು ಬೈಬಲ್ ವಚನ ಕಳಿಸಿದಿರಿ. ಸಾವಿರಾರು ವಚನಗಳಿರುವ ಗ್ರಂಥದಲ್ಲಿ, ಸುಮ್ಮನಿರುವುದರ ಮೇಲಿನ ವಚನವನ್ನೇ ಹುಡುಕಿ ಕಳಿಸಿದವರು ಯಾರು? ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದು. ಅಕ್ಕ ಅದನ್ನು ನೋಡಿ, ಧೂಳು ಒರೆಸಿ, ಬೀರುವಿನ ಹಿಂದೆ ಇಟ್ಟಳು.

ಈಗ ಸೇಡಿನ ವಿಷಯಕ್ಕೆ ಬರುತ್ತೇನೆ. ನನ್ನ ಜಾಗದಲ್ಲಿ ನಿಮ್ಮ ಅಳಿಯನನ್ನು ಕೂರಿಸಿದ್ದೀರಿ. ಮೊಬೈಲ್ ಅಂಗಡಿ ನಡೆಸುವವನಿಗೆ ಮೈಕು ಯಾವ ಲೆಕ್ಕ ಎಂದಿರಂತೆ. ಐದು ವಾರದಿಂದ ಮೈಕು ಕುಂಯ್ ಎನ್ನುತ್ತಿದೆ, ಬೈಬಲ್ ಪಾಠದ ನಡುವೆ ಕೀರಲು ಹೊಡೆಯುತ್ತಿದೆ, ಅದು ನನ್ನ ಕೈವಾಡವೆಂದು ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾನೆ. ದೇವರಾಣೆಗೂ ನಾನು ಒಂದು ತಂತಿಯನ್ನೂ ಮುಟ್ಟಿಲ್ಲ. ಇಪ್ಪತ್ತನಾಲ್ಕು ವರ್ಷ ಅದು ಕುಂಯ್ ಎನ್ನದ ಹಾಗೆ ನೋಡಿಕೊಂಡದ್ದು ನನ್ನ ಕೈವಾಡ.

ಇನ್ನೂ ಒಂದಿದೆ. ಹಾಡುವಾಗ ನೀವು ಅಪಸ್ವರ ಹೊರಡಿಸುತ್ತೀರಿ, ಮಾನ್ಯರೇ. ಸಣ್ಣ ಅಪಸ್ವರವಲ್ಲ, ಇಡೀ ಸಭೆ ಒಂದು ದಾರಿಯಲ್ಲಿ ಹೋದರೆ ನೀವು ಚರಂಡಿ ಹಾರಿ ಪಕ್ಕದ ಬೀದಿಯಲ್ಲಿ ಹೋಗುತ್ತೀರಿ. ನೀವು ಈ ಸಭೆಗೆ ಬಂದ ಮೊದಲನೆಯ ಭಾನುವಾರವೇ ಅದನ್ನು ಕೇಳಿ, ಅಂದಿನಿಂದ ಪ್ರತಿ ಹಾಡಿಗೂ ನಿಮ್ಮ ಮೈಕಿನ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಹಾಡು ಮುಗಿದೊಡನೆ ಏರಿಸುತ್ತಿದ್ದೆ. ಹನ್ನೊಂದು ವರ್ಷ ಒಬ್ಬರಿಗೂ ಹೇಳಲಿಲ್ಲ. ಕೆಲಸ ಬಿಟ್ಟುಕೊಡುವಾಗ ನಿಮ್ಮ ಅಳಿಯನಿಗೂ ಹೇಳಲಿಲ್ಲ. ಈಗ ನೀವು ಬಾಯಿ ತೆರೆದೊಡನೆ ಭಾನುವಾರ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಾರಂತೆ, ಗಾಯನ ತಂಡದವರು ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಾರಂತೆ. ಇದನ್ನು ಗಡಿಯಾರ ಬಂದು ಹೇಳಿದಾಗ ನನಗಾದ ಸಂತೋಷ ಕ್ರೈಸ್ತನಿಗೆ ತಕ್ಕದ್ದಲ್ಲ. ಅವನನ್ನು ಕೂರಿಸಿ ಟೀ ತರಿಸಿ, ಮತ್ತೊಮ್ಮೆ ಮೊದಲಿನಿಂದ ಹೇಳಿಸಿದೆ.

ಅಕ್ಕನ ಗಂಟಲಿನ ನಿಜವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಮೇಷ್ಟ್ರು ಬರೆಯುತ್ತಾರೆ. ಅವಳಿಗೆ ಎಪ್ಪತ್ತೊಂದು. ಆರು ವರ್ಷದಿಂದ ಮೇಲಿನ ಸ್ವರಕ್ಕೆ ಹೋದಾಗ ಧ್ವನಿ ಸೀಳುತ್ತದೆ. ಆ ಜಾಗ ಬರುವ ಮುನ್ನವೇ ನಾನು ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿ, ಸ್ವಲ್ಪ ಪ್ರತಿಧ್ವನಿ ಸೇರಿಸಿ, ಉಸಿರು ಸಿಕ್ಕಮೇಲೆ ಮತ್ತೆ ಏರಿಸುತ್ತಿದ್ದೆ. ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಪೀಠದ ಹತ್ತಿರವೇ ಕೂರುವ ನಿಮಗೆ ಬರಿಗಿವಿಗೆ ಕೇಳಿಸಿತು, ಆದ್ದರಿಂದ ಗೊತ್ತಾಯಿತು. ನಿಮ್ಮ ಕಿವಿ ಸುಳ್ಳು ಹೇಳಿತೆಂದು ನಾನೆಲ್ಲಿ ಹೇಳಿದೆ? ಒಬ್ಬ ಮುದುಕಿಗೆ ಧ್ವನಿ ಹೋಗಿದೆ ಎಂದು ತಿಳಿದಾಗ ಆಕೆಯ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳುವುದಕ್ಕೇ ಅಲ್ಲವೇ ನಿಮಗೆ ಪಾಲಕರು ಎಂದು ಹೆಸರಿಟ್ಟಿರುವುದು? ಕುರಿಯ ಕಾಲು ಕುಂಟಿದರೆ ಕುರುಬ ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಾನೆ, ಕಾವಲುಗಾರನ ಮುಂದೆ ಅದರ ನಡಿಗೆಯನ್ನು ಅಣಕಿಸಿ ತೋರಿಸುವುದಿಲ್ಲ.

ನೀವು ಹೇಳಿಕಳಿಸಿದಿರಿ: “ಮನೆಗೆ ಬಂದು ‘ಸಾರಿ’ ಅಂತ ಒಂದು ಮಾತು ಹೇಳಿಹೋಗ್ತೀನಿ, ಇದನ್ನ ದೊಡ್ಡದು ಮಾಡಬೇಡಿ.” ದೊಡ್ಡದು ಮಾಡುವುದು ನನ್ನ ಕಸುಬು, ಮಾನ್ಯರೇ. ಆಂಪ್ಲಿಫೈಯರ್ ಇರುವುದೇ ಅದಕ್ಕೆ. ಅವಮಾನಕ್ಕೆ ನಾಲ್ಕು ಸ್ಪೀಕರು, ಕ್ಷಮೆಗೆ ಪಿಸುಮಾತು, ಇದು ಯಾವ ನ್ಯಾಯ? ಇನ್ನೂರು ಜನರ ಮುಂದೆ ಒಡೆದದ್ದನ್ನು ನಮ್ಮ ಮನೆಯ ಬಾಗಿಲು ಹಾಕಿಕೊಂಡು ಅಂಟಿಸಿದರೆ ಅಂಟಿಕೊಳ್ಳುತ್ತದೆಯೇ? ನನ್ನ ಅಕ್ಕ ಪೇಟೆಗೆ ಹೋದರೆ ಔಷಧದ ಅಂಗಡಿಯವನು, ಅವಳೇ ಎತ್ತಿ ಆಡಿಸಿದ ಮಗು ಅವನು, ತುಟಿ ಬಿಗಿಹಿಡಿದು ನಗು ತಡೆಯುತ್ತಾನೆ. ಅವನ ಮುಖದ ಮೇಲಿನ ಆ ನಗುವನ್ನು ನೀವು ನಮ್ಮ ಮನೆಗೆ ಬಂದು ಹೇಗೆ ಒರೆಸುತ್ತೀರಿ?

ಪತ್ರ ಇಲ್ಲಿಗೆ ಮುಗಿದಿತ್ತು. ಕೆಳಗೆ ಬೇಡಿಕೆ ಬರೆದು, ಸಹಿ ಹಾಕಿ, ನಿನ್ನೆ ಮಧ್ಯಾಹ್ನ ಅಕ್ಕನನ್ನು ಕೂರಿಸಿ ಪೂರ್ತಿ ಓದಿದೆ. ಅವಳ ಹೆಸರಿನಲ್ಲಿ ಯುದ್ಧ ಮಾಡುವಾಗ ಅವಳಿಗೊಂದು ಮಾತು ತಿಳಿಸಬೇಕಲ್ಲ. ಕೈಯಲ್ಲಿ ಬಟಾಣಿ ಸುಲಿಯುತ್ತ ಕೇಳಿದಳು. ನಿಮ್ಮ ಅಪಸ್ವರದ ಭಾಗಕ್ಕೆ ತುಟಿಯ ತುದಿ ಸ್ವಲ್ಪ ಅಲುಗಿತು. ತನ್ನ ಗಂಟಲಿನ ಭಾಗ ಬಂದಾಗ ನಾನು ತಡವರಿಸಿದೆ, ಅವಳು ತಲೆ ಎತ್ತದೆ ಹೇಳಿದಳು: “ಓದು. ನನಗೆ ಗೊತ್ತಿತ್ತು ಕಣೋ. ಕಿವಿ ನಿನಗೊಬ್ಬನಿಗೇನಾ ಇರೋದು?”

ಓದಿ ಮುಗಿಸಿದೆ. ಚೆನ್ನಾಗಿದೆ ಅನ್ನುತ್ತಾಳೆಂದು ಕಾದೆ.

“ಎಲ್ಲ ಬರೆದಿದ್ದೀಯ,” ಎಂದಳು. “ನೀನು ನಕ್ಕಿದ್ದು ಬರೆದಿಲ್ಲ.”

ಬರೆದಿರಲಿಲ್ಲ, ಮಾನ್ಯರೇ. ಈಗ ಬರೆಯುತ್ತೇನೆ. ಕಾಲುಚೀಲದ ಮಾತು ಬಂದಾಗಲೇ ನನ್ನ ಕೈ ಗುಂಡಿಯ ಮೇಲಿತ್ತು. ನಿಮ್ಮ ಚೀಟಿಯನ್ನು ನೋಡಿ, ಮುಟ್ಟಬಾರದೆಂದು ನೀವೇ ಅಪ್ಪಣೆ ಕೊಟ್ಟಿದ್ದೀರಲ್ಲ, ಅನುಭವಿಸಿ ಎಂದುಕೊಂಡೆ. ಮೇಷ್ಟ್ರ ಮಾತು ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರ ಮೇಲೆ ನನಗೂ ಹಳೆಯ ಸಿಟ್ಟಿತ್ತು. ಇನ್ನೊಂದು ಬರಲಿ, ಇನ್ನೊಂದು ಬರಲಿ ಎಂದು ಕಾದೆ. ಇನ್ನೊಂದು ಬಂತು. ಯಾರ ಮೇಲಿನ ಮಾತೆಂದು ನನ್ನ ತಲೆಗೆ ಇಳಿಯುವ ಹೊತ್ತಿಗೆ ಅಕ್ಕ ಹಿಂದಕ್ಕೆ ತಿರುಗಿದ್ದಳು. ಆ ಇನ್ನೂರು ಜನರಲ್ಲಿ ಅವಳು ಹುಡುಕಿದ್ದು ನನ್ನೊಬ್ಬನನ್ನು. ನನ್ನ ಹಲ್ಲು ಕಾಣುತ್ತಿತ್ತು.

“ಅಯ್ಯನವರನ್ನ ಅವತ್ತು ರೊಟ್ಟಿ ತಗೊಳ್ಳೋವಾಗಲೇ ಕ್ಷಮಿಸಿದೆ,” ಎಂದಳು ಅಕ್ಕ. “ಕ್ಷಮಿಸದೆ ತಗೊಳ್ಳೋ ಹಾಗಿಲ್ಲವಲ್ಲ. ಅವರು ಯಾರು ನನಗೆ? ಇವತ್ತು ಈ ಸಭೆ, ನಾಳೆ ವರ್ಗ ಆದ್ರೆ ಇನ್ನೊಂದು. ನಿನ್ನನ್ನ ಕ್ಷಮಿಸೋಕೆ ಆರು ವಾರದಿಂದ ಒದ್ದಾಡ್ತಿದೀನಿ. ಆಗ್ತಿಲ್ಲ.” ಬಟಾಣಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆದ್ದರಿಂದ ನನ್ನ ಬೇಡಿಕೆಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ನಿಮ್ಮ ಮೇಲಿನ ಸಿಟ್ಟು ಸಾಸಿವೆಯಷ್ಟೂ ಕಡಿಮೆಯಾಗಿದೆಯೆಂದು ತಿಳಿಯಬೇಡಿ. ಮುಂದಿನ ಪ್ರಭು ಭೋಜನದ ಭಾನುವಾರ, ರೊಟ್ಟಿ ಹಂಚುವುದಕ್ಕೆ ಮೊದಲು, ನೀವು ಅದೇ ಕಾಲರಿನ ಮೈಕು ಹಾಕಿಕೊಂಡು, ನಾಲ್ಕೂ ಸ್ಪೀಕರುಗಳಲ್ಲಿ ಕೇಳುವಂತೆ, ಆ ಮಾತು ನನ್ನದೇ, ಅದಕ್ಕೆ ಕ್ಷಮೆ ಬೇಡುತ್ತೇನೆ ಎಂದು ಹೇಳಬೇಕು. ಕಾರಣ, ಸಮಜಾಯಿಷಿ, ದೃಷ್ಟಾಂತ ಯಾವುದೂ ಬೇಡ. ಹೇಳಿದ ಮೇಲೆ ಮೈಕನ್ನು ಬಿಚ್ಚಿ ನನ್ನ ಕೈಗೆ ಕೊಡಬೇಕು. ಇಪ್ಪತ್ತನಾಲ್ಕು ವರ್ಷ ಎಲ್ಲರ ಧ್ವನಿಯನ್ನೂ ಏರಿಸಿದ ನಾನು ಆ ಮೈಕಿನಲ್ಲಿ ಒಂದು ದಿನವೂ ಮಾತಾಡಿಲ್ಲ. ನಾನು ಹೇಳುವುದನ್ನೂ ಆ ಇನ್ನೂರು ಜನ ಕೇಳಲಿ, ಮುಂದಿನ ಸಾಲಿನಲ್ಲಿ ಕೂತವಳೂ ಕೇಳಲಿ. ಅಳಿಯನಿಗೆ ಹೇಳಿಡಿ, ಗುಂಡಿ ಪೂರ್ತಿ ಮೇಲಿರಲಿ.

ಅಕ್ಕ ಬರುತ್ತಾಳೆ. ಕೇಳಿದ್ದಕ್ಕೆ ‘ಬರ್ತೀನಿ’ ಅಂದಳು. ಹಾಡುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಂತಿ,
ನಿಮ್ಮನ್ನು ಇನ್ನೂ ಕ್ಷಮಿಸದ, ತಾನೂ ಕ್ಷಮೆ ಸಿಗದೆ ಕೂತಿರುವ,
ನಿಮ್ಮ ಸಭೆಯ ಮಾಜಿ ಮೈಕಿನವನು